ಹಾಲ್‌ನ ಮಾನ್‌ಸ್ಟೆರಾಕ್ಕೆ ಬೆಳಕು ಸಾಕಾಗ್ತಾ ಇಲ್ವಾ? (ಬಿಜೈ, ಉತ್ತರದ ಕಿಟಕಿ)

ಬಿಜೈ ಮೂರನೇ ಮಾಳಿಗೆ:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈಯಲ್ಲಿ ನಮ್ಮ ಫ್ಲ್ಯಾಟ್. ಹಾಲ್‌ನಲ್ಲಿ ಒಂದು ಮಾನ್‌ಸ್ಟೆರಾ ಉಂಟು. ಜನವರಿಯಲ್ಲಿ ನರ್ಸರಿಯಿಂದ ತರುವಾಗ ದೊಡ್ಡ ದೊಡ್ಡ ಎಲೆ, ಚೆನ್ನಾಗಿ ಸೀಳು ಬಿಟ್ಟಿದ್ದವು. ಮೇ ನಂತರ ಬಂದ ಎಲೆಗಳು ಅಂಗೈಗಿಂತ ಸ್ವಲ್ಪ ದೊಡ್ಡ, ಅಷ್ಟೇ. ಒಂದರಲ್ಲೂ ಸೀಳಿಲ್ಲ. ತೊಟ್ಟು ಮಾತ್ರ ಉದ್ದುದ್ದ. ಇಡೀ ಗಿಡ ಕಿಟಕಿ ಕಡೆಗೆ ವಾಲಿದೆ. ಈಗ ಕೆಳಗಿನ ಒಂದು ಎಲೆ ಹಳದಿಯಾಗ್ತಾ ಉಂಟು.

ಇಟ್ಟ ಜಾಗ ಟಿವಿ ಸ್ಟ್ಯಾಂಡಿನ ಪಕ್ಕ, ಕಿಟಕಿಯಿಂದ ಎಂಟು ಅಡಿ ದೂರ. ಕಿಟಕಿ ಉತ್ತರಕ್ಕೆ. ಗ್ರಿಲ್ ಉಂಟು, ಸೊಳ್ಳೆ ನೆಟ್ ಉಂಟು, ಎದುರಿಗೆ ಇನ್ನೊಂದು ಅಪಾರ್ಟ್‌ಮೆಂಟ್. ಪಶ್ಚಿಮಕ್ಕೆ ಒಂದು ಬಾಲ್ಕನಿ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ ಮೂರರ ಮೇಲೆ ನಿಲ್ಲಲಿಕ್ಕೆ ಆಗುವುದಿಲ್ಲ. ಈಗ ಗಾಳಿ ಮಳೆ ಎರಡೂ ಸೀದಾ ಒಳಗೆ ಹೊಡೆಯುತ್ತವೆ.

ಗಿಡದ ಜೊತೆ ಬಂದ ಚೀಟಿಯಲ್ಲಿ ‘ಬ್ರೈಟ್ ಇನ್‌ಡೈರೆಕ್ಟ್ ಲೈಟ್’ ಅಂತ ಉಂಟು. ಅಂದ್ರೆ ಎಷ್ಟು? ಮೊಬೈಲಿನಲ್ಲಿ ಲಕ್ಸ್ (ಬೆಳಕಿನ ಅಳತೆ) ತೋರಿಸುವ ಆ್ಯಪ್ ಹಾಕಿ ನೋಡಿದೆ. ಬೆಳಿಗ್ಗೆ ಹನ್ನೊಂದಕ್ಕೆ, ಮಳೆ ಬರುವಾಗ, ಟಿವಿ ಪಕ್ಕ 120. ಕಿಟಕಿಯ ಗ್ರಿಲ್ ಹತ್ತಿರ 1,400. ಇದು ನೆರಳಿನ ಗಿಡ, ಒಳಗೇ ಇರಲಿ ಅಂತ ಗಂಡ. ಬಾಲ್ಕನಿಗೆ ಹಾಕು, ಮಳೆ ತಾಗಿದ್ರೆ ಸರಿಯಾಗ್ತದೆ ಅಂತ ಅತ್ತೆ. ನನಗೆ ಗಿಡ ಸುಮ್ನೆ ಜೀವ ಹಿಡಿದುಕೊಂಡು ಇದ್ರೆ ಸಾಲದು, ಚೆನ್ನಾಗಿ ಬೆಳೆಯಬೇಕು. ಗೊತ್ತಿದ್ದವರು ಹೇಳಿ.


ಕಾವೂರು ತಾರಸಿ:

120 ಏನೇನೂ ಸಾಲದು. ಇವತ್ತೇ ಕಿಟಕಿ ಪಕ್ಕಕ್ಕೆ ತನ್ನಿ. ಮತ್ತೆ ನೀರು ಹೇಗೆ ಹಾಕ್ತೀರಿ? ಮಳೆಗಾಲದಲ್ಲಿ ಕೆಳಗಿನ ಎಲೆ ಹಳದಿಯಾಗುವುದಕ್ಕೆ ಹೆಚ್ಚಾಗಿ ಕುಂಡದ ಮಣ್ಣು ಒಣಗದೇ ಇರುವುದೇ ಕಾರಣ. ಬೆರಳು ಎರಡು ಇಂಚು ಮಣ್ಣೊಳಗೆ ಹಾಕಿ ನೋಡಿ. ತಂಪು ತಾಗಿದ್ರೆ ನೀರು ಬೇಡ.


ಬಿಜೈ ಮೂರನೇ ಮಾಳಿಗೆ:

ಈಗಷ್ಟೇ ನೋಡಿದೆ. ಮೇಲೆ ಒಣಗಿದ ಹಾಗೆ ಕಾಣ್ತದೆ, ಒಳಗೆ ಪೂರ್ತಿ ಒದ್ದೆ. ಸಣ್ಣ ಕಪ್ಪು ನೊಣಗಳೂ ಹಾರ್ತಾ ಇವೆ.


ಅಂಬಲಪಾಡಿ ಅಂಗಳ:

ಬಿಜೈಯವರೇ, ನಾನು ಉಡುಪಿಯ ಅಂಬಲಪಾಡಿಯವಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಈಗ ನಿವೃತ್ತಿ. ನಮ್ಮದು ಹಳೇ ಹಂಚಿನ ಮನೆ. ಜಗಲಿಯಲ್ಲಿ ಮಾನ್‌ಸ್ಟೆರಾ, ಚಾವಡಿಯೊಳಗೆ ಫಿಲೋಡೆಂಡ್ರಾನ್, ಅಗ್ಲೋನಿಮಾ, ಆಂಥೂರಿಯಂ ಎಲ್ಲ ಉಂಟು. ಬೆಳಕು ನನಗೆ ತುಂಬ ಇಷ್ಟದ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಲ್ಲಿ ಓದಿ.

ಬೆಳಕಿನ ಲೆಕ್ಕದಲ್ಲಿ ನಮ್ಮ ಕಣ್ಣನ್ನು ನಂಬಲಿಕ್ಕಾಗುವುದಿಲ್ಲ. ಹೊರಗೆ ನೆತ್ತಿಯ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಒಳ್ಳೆ ಬಿಸಿಲಿರುವ ದಿನ ಮರದಡಿಯ ತೆಳು ನೆರಳಿನಲ್ಲೂ 10,000ದ ಸುತ್ತ ಇರುತ್ತದೆ. ನಿಮ್ಮ ಟಿವಿ ಪಕ್ಕ 120. ಕಣ್ಣಿನ ಪಾಪೆ ತಾನೇ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುವುದರಿಂದ ಹಾಲ್ ನಮಗೆ ಬೆಳಕಾಗಿಯೇ ಕಾಣುತ್ತದೆ, ಪೇಪರ್ ಓದಬಹುದು. ಎಲೆಗೆ ಆ ಅನುಕೂಲ ಇಲ್ಲ. ಎಷ್ಟು ಬೆಳಕು ಬಿತ್ತೋ ಅಷ್ಟೇ ಅದಕ್ಕೆ ಊಟ. ಮಾನ್‌ಸ್ಟೆರಾ ಚೆನ್ನಾಗಿ ಬೆಳೆಯಬೇಕಾದರೆ ಹಗಲಿನ ಹೆಚ್ಚು ಹೊತ್ತು 2,000ದಿಂದ 4,000 ಲಕ್ಸ್ ಸಿಗಬೇಕು. ಇನ್ನೂ ಜಾಸ್ತಿ ಸಿಕ್ಕರೆ ಒಳ್ಳೆಯದೇ. ನೆತ್ತಿಯ ಬಿಸಿಲು ಮಾತ್ರ ನೇರ ಬೀಳಬಾರದು.

ನಿಮ್ಮ ಮನೆಯವರು ನೆರಳಿನ ಗಿಡ ಅಂದದ್ದು ಅರ್ಧ ಸರಿ. ಇದು ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗಿನ ಮಳೆಕಾಡಿನ ಗಿಡ. ಎಳೆಯದಿರುವಾಗ ಕಾಡಿನ ನೆಲದ ಮೇಲೆ ಸಣ್ಣ ಸಣ್ಣ ಎಲೆ ಬಿಡುತ್ತ ಇರುತ್ತದೆ, ಸೀಳಿಲ್ಲದ ಎಲೆ. ಒಂದು ಮರ ಸಿಕ್ಕಿದ ಮೇಲೆ ಕಾಂಡಕ್ಕೆ ಬೇರು ಹಿಡಿಸಿ ಹತ್ತುತ್ತದೆ. ಹತ್ತಿದಷ್ಟೂ ಬೆಳಕು ಜಾಸ್ತಿ, ಬೆಳಕು ಜಾಸ್ತಿಯಾದಷ್ಟೂ ಎಲೆ ದೊಡ್ಡ, ಸೀಳು ಜಾಸ್ತಿ. ನಿಮ್ಮ ಗಿಡದ ಹೊಸ ಎಲೆಗಳು ಆ ಕಾಡಿನ ನೆಲದ ಎಲೆಗಳೇ. ಈಗ ಆಟಿ (ತುಳುವರ ಮಳೆಗಾಲದ ತಿಂಗಳು) ಅಲ್ವಾ, ಹಲಸು, ಮಾವಿನ ಮರದ ಮೇಲೆ ಮರಕೆಸು ಬಂದಿರುತ್ತದೆ, ಪತ್ರೊಡೆಗೆ ಅಂತ ಕೊಯ್ಯುತ್ತೇವೆ. ಮಾನ್‌ಸ್ಟೆರಾ ಅದೇ ಕೆಸುವಿನ ಕುಟುಂಬದ್ದು. ಮರಕೆಸು ಮರದ ನೆರಳಿನಲ್ಲೇ ಬೆಳೆಯುತ್ತದೆ ನಿಜ. ಆದರೆ ಆ ನೆರಳಿಗೂ ಹಾಲ್‌ನ ಮೂಲೆಗೂ ಅಜಗಜಾಂತರ. (ಕೆಸುವಿನ ಜಾತಿ ಆದ್ದರಿಂದ ಇದರ ಹಾಲೂ ತುರಿಸುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳು, ಬೆಕ್ಕು ಇದ್ದರೆ ಎಲೆ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.)

ಇನ್ನು ಕಿಟಕಿ. ಆ್ಯಪಿಗಿಂತ ಮೊದಲು ಒಂದು ಕೆಲಸ ಮಾಡಿ. ಗಿಡದ ಎಲೆ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಎತ್ತರಕ್ಕೆ ನಿಮ್ಮ ಕಣ್ಣು ಬರುವ ಹಾಗೆ, ಗಿಡದ ಪಕ್ಕದಲ್ಲೇ ನೆಲದ ಮೇಲೆ ಕೂತು ಕಿಟಕಿ ಕಡೆ ನೋಡಿ. ಆಕಾಶ ಎಷ್ಟು ಕಾಣುತ್ತದೆ? ಎದುರಿನ ಅಪಾರ್ಟ್‌ಮೆಂಟಿನ ಗೋಡೆ ಮಾತ್ರ ಕಂಡರೆ ಆ ಜಾಗ ಬಿಟ್ಟುಬಿಡಿ. ಕಿಟಕಿ ಹತ್ತಿರ ಸರಿಯುತ್ತ ಹೋದ ಹಾಗೆ ಗೋಡೆಯ ಮೇಲ್ಗಡೆ ಆಕಾಶದ ಒಂದು ಪಟ್ಟಿ ಕಾಣಲಿಕ್ಕೆ ಶುರುವಾಗುತ್ತದೆ. ಆ ಪಟ್ಟಿ ಅಗಲವಾಗಿ ಕಾಣುವ ಜಾಗವೇ ನಿಮ್ಮ ಗಿಡದ ಜಾಗ. ಮೂರನೇ ಮಾಳಿಗೆಯಲ್ಲಿ ಅದು ಹೆಚ್ಚಾಗಿ ಕಿಟಕಿಯಿಂದ ಎರಡು ಅಡಿಯೊಳಗೆ ಸಿಗುತ್ತದೆ. ಆಮೇಲೆ ಆ್ಯಪ್ ಹಿಡಿಯಿರಿ, ಮೊಬೈಲಿನ ಮುಖ ಬೆಳಕಿನ ಕಡೆಗೆ ಮಾಡಿ, ಎಲೆ ಇರುವಲ್ಲೇ. ಮೊಬೈಲಿನಿಂದ ಮೊಬೈಲಿಗೆ ಅಂಕಿ ಸ್ವಲ್ಪ ಬೇರೆ ಬರುತ್ತದೆ. ಆದರೆ ಒಂದೇ ಮೊಬೈಲಿನಲ್ಲಿ ಎರಡು ಜಾಗ ಹೋಲಿಸಲಿಕ್ಕೆ ಧಾರಾಳ ಸಾಕು.

ಆ ಸೊಳ್ಳೆ ನೆಟ್ ಬಿಚ್ಚಿ ತೊಳೆಯಿರಿ. ನೆಟ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಅಳೆದು ನೋಡಿ, ಎಷ್ಟು ಬೆಳಕು ತಿನ್ನುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಎಲೆಯ ಧೂಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ನಮ್ಮ ಚಾವಡಿಯ ಮಾಡಿನಲ್ಲಿ ಎರಡು ಗಾಜಿನ ಹಂಚು ಉಂಟು. ಮಳೆಗೆ ಮುಂಚೆ ಮಾಡು ಕೈಯಾಡಿಸಲು ಬರುವವರ ಹತ್ತಿರ ಅದರ ಪಾಚಿ, ಕಸ ಎಲ್ಲ ಉಜ್ಜಿಸುತ್ತೇನೆ. ಉಜ್ಜಿದ ಕೂಡಲೇ ಕೆಳಗೆ ಅಂಕಿ ಏರುತ್ತದೆ. ಆ ಹಂಚಿನ ಕೆಳಗಿನ ಗಿಡಗಳು ಯಾವ ಕಡೆಗೂ ವಾಲುವುದಿಲ್ಲ, ಬೆಳಕು ನೆತ್ತಿಯಿಂದ ಬರುತ್ತದಲ್ವಾ. ಏಪ್ರಿಲ್‌ನಲ್ಲಿ ಮಾತ್ರ ಮಧ್ಯಾಹ್ನ ಬಿಸಿಲಿನ ಒಂದು ಚೌಕ ನೆಲದ ಮೇಲೆ ಬಿದ್ದು ಮೆಲ್ಲಗೆ ಸರಿಯುತ್ತ ಹೋಗುತ್ತದೆ. ಅದು ಹೋಗುವ ದಾರಿಯಲ್ಲಿ ಆ ತಿಂಗಳು ಕುಂಡ ಇಡುವುದಿಲ್ಲ.

ಈಗ ಮುಖ್ಯ ವಿಷಯ. ಯೂಟ್ಯೂಬಿನಲ್ಲಿ ಗಿಡದ ಬಗ್ಗೆ ಹೇಳುವವರು ತುಂಬ ಜನ ಇಂಗ್ಲೆಂಡ್, ಅಮೆರಿಕದವರು. ಚಳಿಗಾಲದಲ್ಲಿ ಬೆಳಕು ಕಮ್ಮಿ, ಆಗ ನೀರು ಕಮ್ಮಿ ಮಾಡಿ, ಉತ್ತರದ ಕಿಟಕಿಗೆ ಯಾವತ್ತೂ ಬಿಸಿಲು ಬರುವುದಿಲ್ಲ ಅಂತೆಲ್ಲ ಹೇಳುತ್ತಾರೆ. ಅವರ ಊರಿಗೆ ಅದು ಸರಿ. ಮಂಗಳೂರು ಸುಮಾರು 12.9 ಡಿಗ್ರಿ ಅಕ್ಷಾಂಶದಲ್ಲಿದೆ, ಉಡುಪಿ 13.3. ನಮ್ಮಲ್ಲಿ ಏಪ್ರಿಲ್ 24-25ರ ಹೊತ್ತಿಗೆ ಸೂರ್ಯ ನಡು ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅದೇ ಶೂನ್ಯ ನೆರಳಿನ ದಿನ. ಆಮೇಲೆ ಆಗಸ್ಟ್ 17-18ರವರೆಗೆ ನಡು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ ಇರುತ್ತಾನೆ. ಹಾಗಾಗಿ ಮೇ ತಿಂಗಳಲ್ಲಿ ನಮ್ಮ ಉತ್ತರದ ಕಿಟಕಿಗೆ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬರುತ್ತದೆ. ಎದುರು ಕಟ್ಟಡ ಅಡ್ಡ ಇಲ್ಲದಿದ್ದರೆ ನಿಮಗೂ ಬರುತ್ತದೆ, ಮುಂದಿನ ಮೇಯಲ್ಲಿ ಗಮನಿಸಿ. ಜೂನ್‌ನಲ್ಲಿ ಮಳೆ ಹಿಡಿಯಿತೋ, ಮೋಡ ಎಲ್ಲವನ್ನೂ ಮುಚ್ಚುತ್ತದೆ.

ಡಿಸೆಂಬರ್‌ನಲ್ಲಿ ಇದು ತಿರುವುಮುರುವು. ಆಗ ನಡು ಮಧ್ಯಾಹ್ನವೂ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ. ದಕ್ಷಿಣದ ಕಿಟಕಿ ಇರುವವರ ಮನೆಯೊಳಗೆ ಬಿಸಿಲು ಬಂದು ಬೀಳುತ್ತದೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಸಣ್ಣ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಡಿಸೆಂಬರ್‌ನ ಆಕಾಶವೂ ಶುಭ್ರ. ಅಂದರೆ ಕರಾವಳಿಯ ಗಿಡಕ್ಕೆ ಕತ್ತಲ ಕಾಲ ಡಿಸೆಂಬರ್ ಅಲ್ಲ, ಈ ಜುಲೈ. ವಿದೇಶದವರು ಚಳಿಗಾಲಕ್ಕೆ ಹೇಳುವ ಎಚ್ಚರಿಕೆಯೆಲ್ಲ ನಾವು ಮಳೆಗಾಲದಲ್ಲಿ ಪಾಲಿಸಬೇಕು. ನೀರು ಕಮ್ಮಿ, ಗೊಬ್ಬರ ಬೇಡವೇ ಬೇಡ, ಕುಂಡ ಬದಲಿಸುವುದೂ ಈಗ ಬೇಡ. ಬೆಳಕಿಲ್ಲದ ಗಿಡಕ್ಕೆ ಗೊಬ್ಬರ ಹಾಕುವುದು ಹಸಿವಿಲ್ಲದವರಿಗೆ ಒತ್ತಾಯ ಮಾಡಿ ಬಡಿಸಿದ ಹಾಗೆ.

ನಿಮ್ಮ ಒದ್ದೆ ಮಣ್ಣು, ಆ ಕಪ್ಪು ನೊಣ ಎಲ್ಲ ಇದೇ ಕತೆ. ಬೆಳಕು ಕಮ್ಮಿಯಾದಾಗ ಗಿಡ ನೀರು ಕುಡಿಯುವುದು ಕಮ್ಮಿ. ಗಾಳಿಯಲ್ಲಿ ತೇವ ತುಂಬಿರುವಾಗ ಮಣ್ಣು ಆರುವುದೂ ನಿಧಾನ. ಬೇರು ಕೊಳೆಯುವುದಕ್ಕೆ ಅಷ್ಟು ಸಾಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಮಣ್ಣು ಎರಡು ಇಂಚು ಒಣಗುವ ತನಕ ನೀರು ಮುಟ್ಟಿಸಬೇಡಿ. ನೊಣ ತಾನೇ ಕಮ್ಮಿಯಾಗುತ್ತದೆ.


ಮಣಿಪಾಲ ರೂಮ್:

ಟೀಚರ್, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರಿ!

ಬಿಜೈ ಅಕ್ಕ, ಕಿಟಕಿ ಪಕ್ಕದಲ್ಲೂ 1,400 ಅಂದ್ರೆ ಜುಲೈ ಮುಗಿಯುವವರೆಗೆ ಲೈಟ್ ಹಾಕುವುದು ಒಳ್ಳೆಯದು. ‘ಗ್ರೋ ಲೈಟ್’ ಅಂತ ಮಾರುವ ನೇರಳೆ ಬಣ್ಣದ್ದೇ ಆಗಬೇಕು ಅಂತ ಇಲ್ಲ. ಎಲೆ ಗಿಡಕ್ಕೆ ಸಾದಾ ಬಿಳಿ ಎಲ್‌ಇಡಿ ಸಾಕು. ಅಂಗಡಿಯಲ್ಲಿ ಸಿಗುವ ನಾಲ್ಕು ಅಡಿಯ 20 ವ್ಯಾಟ್ ಟ್ಯೂಬ್ ನನ್ನ ರೂಮಿನ ಶೆಲ್ಫಿಗೆ ಕಟ್ಟಿದ್ದೇನೆ, 6500 ಕೆಲ್ವಿನ್‌ನದ್ದು, ಅಂದ್ರೆ ಹಗಲಿನ ಹಾಗೆ ಬಿಳಿ ಬೆಳಕು. ಎಲೆಯಿಂದ ಒಂದು ಅಡಿ ಮೇಲಿದ್ರೆ 2,000 ಲಕ್ಸ್ ದಾಟ್ತದೆ. ಮೂರು ಅಡಿ ಮೇಲೆ ಕಟ್ಟಿದ್ರೆ 500ರ ಸುತ್ತ ಇಳಿಯುತ್ತದೆ. ಸೀಲಿಂಗಿನ ಲೈಟಿನಿಂದ ಗಿಡಕ್ಕೆ ಏನೂ ಆಗದೇ ಇರುವುದು ಇದಕ್ಕೇ. ಎಷ್ಟು ವ್ಯಾಟ್ ಅನ್ನುವುದಕ್ಕಿಂತ ಎಷ್ಟು ಹತ್ತಿರ ಅನ್ನುವುದು ನೋಡಿ.

ದಿನಕ್ಕೆ 12 ಗಂಟೆ ಉರಿಸಿದ್ರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ರಾತ್ರಿಯಿಡೀ ಹಾಕಬೇಡಿ. ತಿರುಗಿಸಿ ಸೆಟ್ ಮಾಡುವ ಟೈಮರ್ ತೆಗೆದುಕೊಂಡ್ರೆ ಒಂದು ನೆನಪಿಡಿ. ಕರೆಂಟ್ ಹೋದಾಗ ಅದೂ ನಿಲ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆದ ಮೇಲೆ ಸಮಯ ಹಿಂದೆ ಬಿದ್ದಿರ್ತದೆ, ಆಗಾಗ ಸರಿ ಮಾಡಬೇಕು. ಬ್ಯಾಟರಿ ಇರುವ ಡಿಜಿಟಲ್ ಟೈಮರಿಗೆ ಈ ತಾಪತ್ರಯ ಇಲ್ಲ.


ಕಾರ್ಕಳ ತೋಟ:

ಬಾಲ್ಕನಿ ಬಗ್ಗೆ ಯಾರೂ ಹೇಳಲಿಲ್ಲ. ಅತ್ತೆಯವರ ಮಾತು ತೆಗೆದು ಹಾಕುವ ಹಾಗಿಲ್ಲ. ಹೊರಗಿನ ಬೆಳಕಿಗೆ ಸಮ ಯಾವುದೂ ಇಲ್ಲ. ಆದರೆ ಒಮ್ಮೆಲೇ ಬೇಡ.

ನಮ್ಮಲ್ಲಿ ಒಳ್ಳೆಮೆಣಸಿನ (ಕಾಳುಮೆಣಸಿನ) ಬಳ್ಳಿ ಶೇಡ್ ನೆಟ್ ಕೆಳಗೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆಳೆಸ್ತೇವೆ. ಅದನ್ನು ಸೀದಾ ಬಿಸಿಲಿಗೆ ತಂದು ಇಟ್ರೆ ಎಲೆ ಬೆಂದ ಹಾಗೆ ಬಿಳಿಚಿ ಹೋಗ್ತದೆ. ಕತ್ತಲಲ್ಲಿ ಬಂದ ಎಲೆ ತೆಳು ಇರ್ತದೆ, ಬಿಸಿಲು ತಡೆಯುವುದಿಲ್ಲ. ಸುಟ್ಟ ಎಲೆ ಮತ್ತೆ ಹಸಿರಾಗುವುದೂ ಇಲ್ಲ. ನೆಡುವಾಗಲೂ ಬಳ್ಳಿಯನ್ನು ಮರದ ಉತ್ತರ ಬದಿಗೆ ನೆಡುವುದು. ಬೇಸಿಗೆಯ ಬಿಸಿಲು ದಕ್ಷಿಣ, ಪಶ್ಚಿಮದಿಂದ ಹೊಡೀತದೆ ಅಂತ. ಎಳೆ ಅಡಿಕೆ ಗಿಡದ್ದೂ ಅಷ್ಟೇ. ಮಳೆ ಹೋದ ಮೇಲೆ ಮಧ್ಯಾಹ್ನದ ನೈಋತ್ಯ ಬಿಸಿಲು ಕಾಂಡಕ್ಕೆ ತಾಗಿ ಸಿಪ್ಪೆ ಸುಟ್ಟು ಒಡೀತದೆ. ಅದಕ್ಕೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು. ನಿಮ್ಮ ಪಶ್ಚಿಮದ ಬಾಲ್ಕನಿಗೆ ನವೆಂಬರಿನಿಂದ ಬರುವುದೂ ಅದೇ ಬಿಸಿಲು.

ನನ್ನ ಲೆಕ್ಕದಲ್ಲಿ, ಮಳೆ ನಿಂತ ಮೇಲೆ ಬಾಲ್ಕನಿಗೆ 50 ಪರ್ಸೆಂಟಿನ, ಅಂದ್ರೆ ಅರ್ಧ ಬಿಸಿಲು ತಡೆಯುವ ಹಸಿರು ಶೇಡ್ ನೆಟ್ ಕಟ್ಟಿ. ಮೊದಲು ದಿನಕ್ಕೆ ಒಂದು ಗಂಟೆ ಬೆಳಗ್ಗಿನ ಹೊತ್ತು ಇಡಿ, ನಿಧಾನ ಜಾಸ್ತಿ ಮಾಡ್ತಾ ಎರಡು ವಾರದಲ್ಲಿ ಪೂರ್ತಿ ಇಡಬಹುದು. ಹತ್ತಲಿಕ್ಕೆ ಒಂದು ಕೋಲು ಕೊಡಿ. ಪಿವಿಸಿ ಪೈಪಿಗೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿದ್ರೆ ಬೇರು ಹಿಡೀತದೆ.


ಬಿಜೈ ಮೂರನೇ ಮಾಳಿಗೆ:

ನಿಮಗೆಲ್ಲ ತುಂಬ ಥ್ಯಾಂಕ್ಸ್. ಟೀಚರ್ ಹೇಳಿದ ಹಾಗೆ ನೆಲದ ಮೇಲೆ ಕೂತು ನೋಡಿದೆ. ಟಿವಿ ಪಕ್ಕದಿಂದ ಆಕಾಶ ಒಂದು ಚೂರೂ ಕಾಣುವುದಿಲ್ಲ, ಎದುರಿನವರ ಬಟ್ಟೆ ಒಣಗಿಸುವ ಹಗ್ಗ ಮಾತ್ರ. ಕಿಟಕಿಯ ಎಡಮೂಲೆಯಲ್ಲಿ ಎರಡು ಕಟ್ಟಡದ ನಡುವೆ ಒಳ್ಳೆ ಅಗಲಕ್ಕೆ ಆಕಾಶ ಉಂಟು. ಸ್ಟೂಲ್ ಹಾಕಿ ಅಲ್ಲಿ ಇಟ್ಟೆ. ನೆಟ್ ತೊಳೆದೆ. ಈಗ ಅಲ್ಲಿ 2,100 ತೋರಿಸ್ತದೆ, ಮೋಡ ಇರುವಾಗಲೇ!

ಎರಡು ಸಂಶಯ ಉಳಿದಿದೆ. ಈಗಿರುವ ಸೀಳಿಲ್ಲದ ಎಲೆಗಳು ಮುಂದೆ ಸೀಳ್ತವಾ? ಮತ್ತೆ ಬಾಲ್ಕನಿಗೆ ಶೇಡ್ ನೆಟ್ ಕಟ್ಟಲಿಕ್ಕೆ ಅಸೋಸಿಯೇಷನ್‌ನವರು ಬಿಡುವುದಿಲ್ಲ. ಅದಕ್ಕೆ ಎಂತ ಮಾಡುವುದು?


ಅಂಬಲಪಾಡಿ ಅಂಗಳ:

ಎಡಮೂಲೆ ಹುಡುಕಿ ಇಟ್ಟದ್ದು ಓದಿ ನನಗೆ ತುಂಬ ಸಂತೋಷವಾಯಿತು.

ಹಳೇ ಎಲೆ ಸೀಳುವುದಿಲ್ಲ. ಸೀಳು ಬರಬೇಕೋ ಬೇಡವೋ ಅನ್ನುವುದು ಎಲೆ ಸುರುಳಿಯಾಗಿ ಒಳಗಿರುವಾಗಲೇ ತೀರ್ಮಾನ ಆಗಿರುತ್ತದೆ. ಈಗ ತುದಿಯಲ್ಲಿ ಮೊನೆ ಬಂದಿರುವ ಎಲೆಯೂ ಬಹುಶಃ ಸಣ್ಣದೇ ಬರುತ್ತದೆ, ಬೇಸರ ಮಾಡಬೇಡಿ. ಅದರ ನಂತರದ್ದನ್ನು ನೋಡಿ. ಸಣ್ಣದು ಅಂತ ಹಸಿರೆಲೆ ಕತ್ತರಿಸಬೇಡಿ. ಅದೂ ಗಿಡಕ್ಕೆ ಅನ್ನ ಮಾಡಿ ಕೊಡುತ್ತದೆ. ವಾಲಿದ್ದಕ್ಕೆ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ಕೋಲು ಕಟ್ಟಿದ ಮೇಲೆ ಮಾತ್ರ ತಿರುಗಿಸಬೇಡಿ, ಎಲೆಗಳ ಮುಖ ಬೆಳಕಿಗೆ, ಕೋಲು ಹಿಂದೆ.

ಬಾಲ್ಕನಿ ವಿಷಯದಲ್ಲಿ ಕಾರ್ಕಳದವರು ಹೇಳಿದ್ದರಲ್ಲಿ ಒಂದು ಮಾತಿಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಪಶ್ಚಿಮದ ಬಾಲ್ಕನಿಯ ಒಳಗಡೆ, ಗಾಜಿನ ಬಾಗಿಲಿನ ಹಾಲ್ ಕಡೆಗೆ ಮೂರು ಅಡಿ ಬಿಟ್ಟು ಇಟ್ಟರೂ ನಡೆಯುತ್ತದೆ. ತೆಳು ಬಿಳಿ ಪರದೆ ಒಂದನ್ನು ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೆ ಎಳೆದುಬಿಡಿ. ಶೇಡ್ ನೆಟ್ಟಿನ ಕೆಲಸ ಅದೇ ಮಾಡುತ್ತದೆ, ಅಸೋಸಿಯೇಷನ್ ಕೇಳುವ ಹಾಗೂ ಇಲ್ಲ. ಪರದೆಯ ಹಿಂದೆ ನಿಮ್ಮ ಕೈ ಹಿಡಿದು ನೋಡಿ. ಒಂದು ಅಡಿ ಕೆಳಗೆ ಬಿಳಿ ಕಾಗದ ಇಟ್ಟರೆ ಕೈಯ ನೆರಳು ಅಂಚು ಮಸುಕಾಗಿ, ಆದರೆ ಕೈ ಅಂತ ಗೊತ್ತಾಗುವ ಹಾಗೆ ಬೀಳಬೇಕು. ಅಂಚು ಬ್ಲೇಡಿನಲ್ಲಿ ಕತ್ತರಿಸಿದಷ್ಟು ಸ್ಪಷ್ಟ ಇದ್ದರೆ ಇನ್ನೂ ಹಿಂದೆ ಸರಿಸಿ. ನೆರಳೇ ಕಾಣದಿದ್ದರೆ ಮುಂದೆ ತನ್ನಿ.


ಕಾರ್ಕಳ ತೋಟ:

ಪರದೆ ಆಗ್ತದೆ ಟೀಚರ್, ಒಪ್ಪಿದೆ. ಬಾಗಿಲಿನ ಗಾಜು ಕಪ್ಪು ಬಣ್ಣದ್ದಾಗಿದ್ರೆ ಪರದೆಯೂ ಬೇಡ. ಆಗ ಗಾಜಿಗೆ ಇನ್ನೂ ಹತ್ತಿರ ಇಡಬೇಕು.


ಮಲ್ಪೆ ಮನೆ:

ಕಡಲ ಹತ್ತಿರ ಇರುವವರಿಗೆ ಒಂದು ಮಾತು. ನಮ್ಮ ಪಶ್ಚಿಮದ ಕಿಟಕಿಯ ಗಾಜಿನ ಮೇಲೆ ಉಪ್ಪಿನ ತೆಳು ಪದರ ಕೂರುತ್ತದೆ. ಕೈಯಲ್ಲಿ ಒರೆಸಿದ್ರೆ ಅಂಟು ಅಂಟು. ಸಾದಾ ನೀರಿನ ಬಟ್ಟೆಯಲ್ಲಿ ಆಗಾಗ ಒರೆಸದಿದ್ರೆ ಒಳಗೆ ಮಬ್ಬು. ಹೊರಗಿಟ್ಟ ಗಿಡದ ಎಲೆಗೂ ಉಪ್ಪು ಕೂತು ಅಂಚು ಕಂದಾಗ್ತದೆ. ಗಾಳಿ ಜೋರಿದ್ದ ದಿನದ ಮರುದಿನ ಎಲೆ ತೊಳೆದುಬಿಡಿ.


ಬಿಜೈ ಮೂರನೇ ಮಾಳಿಗೆ:

ಬಾಗಿಲಿನ ಗಾಜು ಬಿಳಿಯದ್ದೇ, ಪರದೆ ಹಾಕ್ತೇನೆ. ಟಿವಿ ಪಕ್ಕ ಈಗ ಖಾಲಿ ಖಾಲಿ ಕಾಣ್ತಾ ಉಂಟು. ಅಲ್ಲಿಗೆ ಯಾವ ಗಿಡ ಆಗಬಹುದು?


ಕಾವೂರು ತಾರಸಿ:

120 ಲಕ್ಸ್‌ನಲ್ಲಿ ಯಾವ ಗಿಡವೂ ಬೆಳೆಯುವುದಿಲ್ಲ, ಕೆಲವು ತಡೆದುಕೊಳ್ಳುತ್ತವೆ. ಝೀಝೀ, ಸ್ನೇಕ್ ಪ್ಲಾಂಟ್ ಎರಡೂ ತರಿಸಿ, ಒಂದೇ ಅಳತೆಯ ಕುಂಡದಲ್ಲಿ. ಒಂದು ಟಿವಿ ಪಕ್ಕ, ಇನ್ನೊಂದು ಬಾಲ್ಕನಿಯ ಬಾಗಿಲಿನ ಹತ್ತಿರ. ಹದಿನೈದು ದಿನಕ್ಕೊಮ್ಮೆ ಜಾಗ ಬದಲಿಸಿ. ಟಿವಿ ಪಕ್ಕ ಇರುವಾಗ ನೀರು ಹಾಕಬೇಡಿ, ಬಾಗಿಲಿನ ಹತ್ತಿರ ಬಂದ ಮೇಲೆ ಹಾಕಿ.